ಹುಲ್ಲುಗಾವಲಿಗೂ ಒಂದು ಕಾವಲು

ಗೊರಗುಂಟೆಪಾಳ್ಯದ ಕೂಡುರಸ್ತೆಯಲ್ಲಿ ಹಗಲಿರುಳೂ ಲಾರಿ, ಬಸ್ಸುಗಳ ಭೋರ್ಗರೆತ. ತಲೆಯ ಮೇಲೆ ಮೆಟ್ರೊ ರೈಲು, ಮಗ್ಗುಲಲ್ಲೇ ಪೀಣ್ಯದ ಕಾರ್ಖಾನೆಗಳು. ಅಲ್ಲಿ ನಿಂತವರಿಗೆ ಹಕ್ಕಿಯ ನೆನಪಾಗುವುದು ದುರ್ಲಭ. ಆದರೆ ತುಮಕೂರು ರಸ್ತೆಯನ್ನು ಹಿಡಿದು, ಎಂಟನೆಯ ಮೈಲಿಯ ಬಳಿ ಬಲಕ್ಕೆ ಹೊರಳಿ, ಸುಮಾರು ೨೦ ಕಿಲೋಮೀಟರು ಸಾಗಿದರೆ ನೋಟವೇ ಬೇರೆ. ಕಣ್ಣು ಹಾಯುವಷ್ಟು ದೂರ ಹುಲ್ಲು; ಚಳಿಗಾಲದಲ್ಲಿ ಅದರ ತೆನೆಯನ್ನು ಸವರುವಂತೆ ತೇಲುವ ಸೆಳೆವವೆಂಬ ಬೇಟೆಹಕ್ಕಿ, ಮಧ್ಯ ಏಷ್ಯದಿಂದ ಬಂದ ಅತಿಥಿ. ಅದೇ ಹೆಸರಘಟ್ಟ.

ಈ ಹೆಸರು ಬೆಂಗಳೂರಿಗೆ ಹೊಸದಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೦ರ ದಶಕದಲ್ಲಿ, ನಗರದ ನಲ್ಲಿಗಳಿಗೆ ನೀರು ಹರಿದದ್ದು ಅರ್ಕಾವತಿಯ ಪಾತ್ರದ ಈ ಕೆರೆಯಿಂದಲೇ. ಕೆರೆ ಎಲ್ಲರಿಗೂ ಗೊತ್ತು. ಅದರ ನೆರೆಯ ಹುಲ್ಲುಗಾವಲು ಮಾತ್ರ ಬಹುಕಾಲ ಯಾರ ಗಮನಕ್ಕೂ ಬೀಳಲಿಲ್ಲ.

ಎಲ್ಲ ನೆಲವನ್ನೂ ಕಾಯುವಷ್ಟು ಹಣವೂ ಆಳೂ ಯಾವ ಸರ್ಕಾರದ ಬಳಿಯೂ ಇಲ್ಲ. ಹಾಗಾದರೆ ಮೊದಲು ಕಾಯಬೇಕಾದದ್ದು ಯಾವುದನ್ನು? ಬ್ರಿಟಿಷ್ ವಿಜ್ಞಾನಿ ನಾರ್ಮನ್ ಮೈಯರ್ಸ್ ೧೯೮೮ರಲ್ಲಿ ಒಂದು ಅಳತೆಗೋಲನ್ನು ಸೂಚಿಸಿದರು. ಬೇರೆಲ್ಲೂ ಬೆಳೆಯದ ಗಿಡಗಳು ಹೇರಳವಾಗಿದ್ದು, ನಾಶದ ಅಂಚಿಗೆ ಬಂದಿರುವ ಪ್ರದೇಶಗಳಿಗೆ ಮೊದಲ ಮಣೆ. ೨೦೦೦ದಲ್ಲಿ ಅವರೂ ಅವರ ಸಂಗಡಿಗರೂ ಲೆಕ್ಕ ಹಾಕಿದಾಗ, ಭೂಭಾಗದ ಕೇವಲ ೧.೪ ಪ್ರತಿಶತದಷ್ಟಿರುವ ೨೫ ಪ್ರದೇಶಗಳಿಗೇ ಲೋಕದ ಸಸ್ಯಜಾತಿಗಳಲ್ಲಿ ೪೪ ಪ್ರತಿಶತ ಸೀಮಿತವಾಗಿದ್ದುದು ತಿಳಿಯಿತು. ನಮ್ಮ ಪಶ್ಚಿಮಘಟ್ಟಗಳೂ ಆ ಪಟ್ಟಿಯಲ್ಲಿ ಸೇರಿದ್ದವು.

ಆದರೆ ಈ ಅಳತೆಗೋಲೊಂದನ್ನೇ ನಂಬಿದರೆ ಹೆಸರಘಟ್ಟಕ್ಕೆ ಸ್ಥಾನವೇ ಸಿಗದು. ಅದಕ್ಕಾಗಿಯೇ ವಿಜ್ಞಾನಿಗಳು ಮತ್ತೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಈಗಾಗಲೇ ಕಾದಿಟ್ಟ ತಾಣಗಳಲ್ಲಿ ಇಲ್ಲದಿರುವುದು ಯಾವುದು? ಮನೆಯಲ್ಲಿ ಅಕ್ಕಿಯ ಮೂಟೆ ಎರಡಿರುವಾಗ, ಜಾಣ ಗೃಹಿಣಿ ಮೂರನೆಯ ಮೂಟೆಯನ್ನು ತರಿಸುವುದಿಲ್ಲ. ಸಾರಿಗೆ ಬೇಕಾದ ಒಂದು ಸೇರು ಬೇಳೆಯನ್ನು ತರಿಸುತ್ತಾಳೆ. ಕರ್ನಾಟಕದಲ್ಲಿ ರಕ್ಷಣೆ ಪಡೆದ ನೆಲದ ಬಹುಪಾಲು ಕಾಡು. ರಾಣೆಬೆನ್ನೂರು, ಜಯಮಂಗಲಿಗಳಂಥ ಬಯಲುಗಳು ಬೆರಳೆಣಿಕೆಯವು.

ಬಯಲಿಗೆ ಅಂಟಿದ ಇನ್ನೊಂದು ಶಾಪವೆಂದರೆ ‘ಪಾಳುಭೂಮಿ’ ಎಂಬ ಹೆಸರು. ಮರವಿಲ್ಲದ ನೆಲ ನಿರುಪಯುಕ್ತವೆಂಬ ಭಾವನೆಯಿಂದ ಅಲ್ಲಿ ಸಸಿ ನೆಡಲು ಹೊರಡುವ ಸಜ್ಜನರೂ ಉಂಟು. ನೆಲದಲ್ಲೇ ಗೂಡು ಕಟ್ಟುವ ನೆಲಗುಬ್ಬಿಗೆ ಅದು ಉಪಕಾರವಲ್ಲ. ತೆರೆದ ಬಯಲು ಮುಚ್ಚಿದರೆ ಅದರ ಮನೆಯೇ ಹೋಯಿತು.

ಹೆಸರಘಟ್ಟದ ದಾರಿಯೂ ಸುಗಮವಾಗಿರಲಿಲ್ಲ. ಚಲನಚಿತ್ರ ನಗರಿಯ ಯೋಜನೆ ಈ ಬಯಲಿನ ಸುತ್ತ ಸುಳಿದದ್ದುಂಟು. ಕಾನೂನು ಬಂದರೆ ತಮ್ಮ ಹೊಲ, ದಾರಿ, ದನಗಳ ಗತಿಯೇನೆಂಬ ಅಂಜಿಕೆ ಸುತ್ತಲ ಹಳ್ಳಿಗರದು. ಜನವರಿ ೨೦೨೧ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸಂರಕ್ಷಣೆಯ ಪ್ರಸ್ತಾಪವನ್ನು ತಳ್ಳಿಹಾಕಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕೊನೆಗೆ ಅಕ್ಟೋಬರ್ ೨೦೨೪ರಲ್ಲಿ ಅದೇ ಮಂಡಳಿ ೫,೬೭೮ ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿಸಲು ಒಪ್ಪಿಗೆಯಿತ್ತಿತು.

ಹಳ್ಳಿಗರ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ೧೯೭೨ರ ವನ್ಯಜೀವಿ ಕಾಯಿದೆಗೆ ೨೦೦೨ರಲ್ಲಾದ ತಿದ್ದುಪಡಿಯಿಂದ ಹುಟ್ಟಿದ ಈ ಬಗೆಯ ಮೀಸಲು ಸರ್ಕಾರಿ ಜಮೀನಿಗೆ ಮಾತ್ರ ಅನ್ವಯಿಸುತ್ತದೆ. ಘೋಷಣೆಗೆ ಮುನ್ನ ಸ್ಥಳೀಯರೊಡನೆ ಸಮಾಲೋಚಿಸಬೇಕು. ನಿರ್ವಹಣೆಯ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕು. ಈ ನಿಯಮಗಳು ಕಾಗದದಲ್ಲೇ ಉಳಿಯದೆ ನೆಲಕ್ಕಿಳಿದರೆ, ದನ ಕಾಯುವವನೂ ಹಕ್ಕಿ ನೋಡುವವನೂ ಒಂದೇ ಬಯಲಿನ ಕಾವಲುಗಾರರಾದಾರು. ಇಳಿಯದಿದ್ದರೆ ನಕ್ಷೆಯ ಮೇಲೆ ಗೆರೆ ಉಳಿದೀತು; ಹುಲ್ಲು ಉಳಿಯದು.