ಬಯಲಿನಲ್ಲಿ ಒಗಟು, ಬಳಗದಲ್ಲಿ ಉತ್ತರ

ನಮ್ಮ ಮನೆಗಳ ಯುವಕ ಯುವತಿಯರು ದುಡಿಯುವ ಅನೇಕ ಕಚೇರಿಗಳು ವರ್ಷಕ್ಕೊಮ್ಮೆಯಾದರೂ ತಮ್ಮ ನೌಕರರನ್ನು ಬೆಟ್ಟದ ಬುಡಕ್ಕೋ, ತೋಪಿಗೋ, ಕೆರೆಯ ದಂಡೆಗೋ ಕರೆದೊಯ್ದು ತಂಡ ತಂಡವಾಗಿ ಒಗಟು ಬಿಡಿಸುವ ಸಾಹಸ ಕ್ರೀಡೆಯನ್ನು ಆಡಿಸುತ್ತವೆ. ಶಾಲಾ ಕಾಲೇಜುಗಳಲ್ಲಿಯೂ ಈ ಪದ್ಧತಿ ಬೇರೂರಿದೆ. ಸಂಬಳ ಕೊಡುವವರು ಆಟವನ್ನೇಕೆ ಆಡಿಸುತ್ತಾರೆ, ಸೊಸೆಯನ್ನೋ ಮಗಳನ್ನೋ ಕಳುಹಿಸಬಹುದೇ, ಪೂಜೆ ಪ್ರಸಾದಗಳ ನಿಯಮಕ್ಕೆ ಭಂಗ ಬಾರದೇ ಎಂದು ಹಿರಿಯರು ಕೇಳುವುದು ಸಹಜವೇ ಆಗಿದೆ. ತಿಳಿಯದೆ ತಡೆಯುವುದೂ ಸಲ್ಲದು, ತಿಳಿಯದೆ ಕಳುಹಿಸುವುದೂ ಸಲ್ಲದು. ಆದ್ದರಿಂದ ಅಲ್ಲಿ ನಡೆಯುವುದೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಆಟದ ಹಿನ್ನೆಲೆ

ಇದು ನಿನ್ನೆ ಮೊನ್ನೆ ಹುಟ್ಟಿದ ಹವ್ಯಾಸವಲ್ಲ. ನಕ್ಷೆ ಮತ್ತು ದಿಕ್ಸೂಚಿಗಳ ನೆರವಿನಿಂದ ಅಪರಿಚಿತ ನೆಲದಲ್ಲಿ ದಾರಿ ಹುಡುಕುವ ಓರಿಯೆಂಟರಿಂಗ್ ಎಂಬ ಕ್ರೀಡೆ ಉತ್ತರ ಯುರೋಪಿನ ಸೈನಿಕ ತರಬೇತಿಯಿಂದ ಬಂದುದು. ಜನಸಾಮಾನ್ಯರಿಗಾಗಿ ಅದರ ಸ್ಪರ್ಧೆ 1897ರಲ್ಲಿ ನಾರ್ವೆ ದೇಶದಲ್ಲಿ ನಡೆಯಿತು. 1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಬಾಲಕರ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ನಾಲ್ಕು ದಳಗಳನ್ನಾಗಿ ಮಾಡಿ, ಹೆಜ್ಜೆ ಗುರುತು ಹಿಡಿಯುವುದು, ಕಂಡ ವಸ್ತುಗಳನ್ನು ನೆನಪಿಟ್ಟು ಹೇಳುವುದು ಮೊದಲಾದ ಆಟಗಳನ್ನು ಕಲಿಸಿದರು. ಸ್ಕೌಟ್ ಚಳವಳಿಗೆ ಬೀಜವಾದುದು ಆ ಶಿಬಿರವೇ.

ನಮ್ಮ ನಾಡಿನಲ್ಲಿ 1950ರಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ರೂಪುಗೊಂಡಿತು. ದಾವಣಗೆರೆಯ ಬಳಿಯ ಕೊಂಡಜ್ಜಿಯ ಕೆರೆ ಗುಡ್ಡಗಳ ನಡುವೆ ಅದರ ತರಬೇತಿ ಕೇಂದ್ರವಿರುವುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಬಾಣದ ಗುರುತಿದ್ದರೆ ಆ ಕಡೆಗೆ ಸಾಗು, ಕತ್ತರಿ ಗುರುತಿದ್ದರೆ ಆ ದಾರಿ ಬೇಡ, ವೃತ್ತದ ನಡುವೆ ಚುಕ್ಕೆಯಿದ್ದರೆ ಗುರುತಿಟ್ಟವನು ಮನೆಗೆ ಮರಳಿದ್ದಾನೆ ಎಂಬ ಸ್ಕೌಟ್ ಪಾಠವನ್ನು ಬಾಲ್ಯದಲ್ಲಿ ಕಲಿತವರಿಗೆ ಇಂದಿನ ಕಚೇರಿಯ ಆಟ ಹೊಸದೆನಿಸದು.

ಅಲ್ಲಿ ನಡೆಯುವುದೇನು?

ಸಾಮಾನ್ಯವಾಗಿ ಐದಾರು ಜನರ ತಂಡಗಳನ್ನು ಮಾಡಿ, ಪ್ರತಿ ತಂಡಕ್ಕೂ ಒಂದು ನಕ್ಷೆ, ಒಂದು ದಿಕ್ಸೂಚಿ ಹಾಗೂ ಮೊದಲ ಸುಳಿವಿನ ಚೀಟಿಯನ್ನು ಕೊಡುತ್ತಾರೆ. ಒಂದು ಒಗಟನ್ನು ಬಿಡಿಸಿದರೆ ಮುಂದಿನ ಠಾವು ತಿಳಿಯುತ್ತದೆ. ಅಲ್ಲಿಗೆ ಹೋದರೆ ಇನ್ನೊಂದು ಚೀಟಿ ಕಾದಿರುತ್ತದೆ. ಒಂದು ಉದಾಹರಣೆಯನ್ನು ನೋಡೋಣ. ಚೀಟಿಯಲ್ಲಿ "ಖೆಲೆ" ಎಂಬ ಅರ್ಥವಿಲ್ಲದ ಪದವಿದೆ. ವರ್ಣಮಾಲೆಯಲ್ಲಿ ಪ್ರತಿಯೊಂದು ವ್ಯಂಜನವನ್ನೂ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರೆ ಖಕಾರ ಕಕಾರವಾಗುತ್ತದೆ, ಲಕಾರ ರಕಾರವಾಗುತ್ತದೆ. ಉತ್ತರ ಕೆರೆ! ತಂಡ ಕೆರೆಯ ಕಡೆಗೆ ನಡೆಯಬೇಕು. ಮತ್ತೊಂದು ಚೀಟಿ 90 ಡಿಗ್ರಿ ಎಂದಷ್ಟೇ ಹೇಳಬಹುದು. ಉತ್ತರದಿಂದ ಬಲಕ್ಕೆ 90 ಡಿಗ್ರಿ ಎಂದರೆ ಪೂರ್ವ ದಿಕ್ಕೆಂದು ದಿಕ್ಸೂಚಿ ಬಲ್ಲವರು ತಿಳಿಸುತ್ತಾರೆ.

ಇನ್ನು ಕೆಲವು ಒಗಟುಗಳಲ್ಲಿ ಸುಳಿವನ್ನು ತುಂಡು ತುಂಡಾಗಿ ಬೇರೆ ಬೇರೆಯವರ ಕೈಗೆ ಕೊಟ್ಟಿರುತ್ತಾರೆ. ಒಬ್ಬರ ತುಂಡು ಇನ್ನೊಬ್ಬರದಕ್ಕೆ ಸೇರದೆ ಅರ್ಥ ಹೊರಡದು. ಅನೇಕ ಕಡೆ ಮತ್ತೊಂದು ನಿಯಮವೂ ಉಂಟು: ತಂಡದ ಕೊನೆಯ ವ್ಯಕ್ತಿ ಗುರಿ ಮುಟ್ಟಿದಾಗಲೇ ತಂಡದ ಸಮಯವನ್ನು ಲೆಕ್ಕ ಹಾಕುತ್ತಾರೆ. ಓಡಬಲ್ಲವನು ಮುಂದೆ ಓಡಿದರೆ ಅವನಿಗೆ ದೊರೆಯುವುದು ದಣಿವಷ್ಟೇ. ಹಿಂದೆ ಉಳಿದವರ ಚೀಲವನ್ನು ಹೊತ್ತು ಜೊತೆಗೆ ನಡೆದವನೇ ತಂಡವನ್ನು ಗೆಲ್ಲಿಸುತ್ತಾನೆ.

ನಿಜವಾದ ಪರೀಕ್ಷೆ

ಅಲ್ಲಮಪ್ರಭುದೇವರ ಬೆಡಗಿನ ವಚನಗಳನ್ನು ಬಲ್ಲ ಸಮಾಜಕ್ಕೆ ಒಗಟು ಹೊಸದಲ್ಲ. ಕೇವಲ ಜಾಣತನಕ್ಕೆ ಆ ವಚನಗಳು ಬಾಗಿಲು ತೆರೆಯವು. ಅನುಭಾವಿಗಳ ಕೂಟದಲ್ಲಿ ಕುಳಿತು ಕೇಳುವವರಿಗೆ ತೆರೆಯುತ್ತವೆ. ಬಯಲಿನ ಆಟ ಅಷ್ಟು ಎತ್ತರದ್ದಲ್ಲ. ಆದರೂ ಕೇಳುವ ಗುಣವನ್ನು ಅದೂ ಬೇಡುತ್ತದೆ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮರಳಿ ಸುರಿದು ಬನ್ನಿರೆಂದವರು ಮಡದಿ ಲಕ್ಕಮ್ಮನವರು. ಆ ಮಾತಿಗೆ ಪತಿ ತಲೆಬಾಗಿದರು. ಸರಿಯಾದ ಮಾತು ಯಾರಿಂದ ಬಂದರೂ ಸರಿಯಾದುದೇ ಎಂಬ ಈ ಶರಣ ಪಾಠವನ್ನು ಬಯಲಿನಲ್ಲಿ ಬೇಗ ಮರೆಯುತ್ತೇವೆ. ಮೇಲಧಿಕಾರಿ ತಪ್ಪು ದಾರಿ ತೋರಿದರೂ ಕಿರಿಯರು ಬಾಯಿ ಬಿಡದೆ ಹಿಂಬಾಲಿಸುತ್ತಾರೆ. ನಾಚಿಕೆಯ ಹುಡುಗಿ ಉತ್ತರ ತಿಳಿದಿದ್ದರೂ ಸುಮ್ಮನಿರುತ್ತಾಳೆ. ನಡಿಗೆ ನಿಧಾನವಾದವನನ್ನು ಹಾಸ್ಯ ಮಾಡುತ್ತಾರೆ.

ಅಂದಿನ ನಗು ಅಂದಿಗೇ ಮುಗಿಯುವುದಿಲ್ಲ. ಮರುದಿನ ಕಚೇರಿಯಲ್ಲಿ ಅದೇ ಅಡ್ಡಹೆಸರಾಗಿ, ಒಬ್ಬ ಸಭ್ಯ ನೌಕರನ ಉತ್ಸಾಹವನ್ನೇ ಕುಗ್ಗಿಸಬಲ್ಲದು. ಗರ್ಭಿಣಿಯರು, ಹೃದ್ರೋಗ ಅಥವಾ ಮೊಣಕಾಲು ನೋವುಳ್ಳವರು ಹೇಡಿಗಳೆನಿಸಿಕೊಳ್ಳುವ ಅಂಜಿಕೆಯಿಂದ ಬಂಡೆ ಹತ್ತಲು ಹೋದರೆ ಆಟ ಆಪತ್ತಾಗುತ್ತದೆ. ಆದಕಾರಣ ನಮ್ಮ ಮಕ್ಕಳಿಗೆ ಎರಡು ಮಾತುಗಳನ್ನು ಹೇಳಿ ಕಳುಹಿಸೋಣ. ಆಗದುದನ್ನು ಆಗದೆಂದು ಹೇಳಲು ನಾಚಬೇಡಿರಿ; ಆಗದೆಂದವರನ್ನು ಹೀಯಾಳಿಸಬೇಡಿರಿ. ಹತ್ತಲಾರದವರು ಚೀಟಿ ಓದಬಹುದು, ನಕ್ಷೆ ಹಿಡಿಯಬಹುದು, ಸಮಯ ನೋಡಬಹುದು. ಕಾಯಕದಲ್ಲಿ ಮೇಲು ಕೀಳಿಲ್ಲ.

ಮನೆಯವರು ಕೇಳಬೇಕಾದ ಪ್ರಶ್ನೆಗಳು

ಸ್ಥಳ ಯಾವುದು, ಮರಳುವುದು ಎಷ್ಟು ಹೊತ್ತಿಗೆ, ಪ್ರಥಮ ಚಿಕಿತ್ಸೆ ಬಲ್ಲವರು ಜೊತೆಗಿರುವರೇ, ಹತ್ತಿರದ ಆಸ್ಪತ್ರೆ ಎಲ್ಲಿದೆ, ಹೆಣ್ಣುಮಕ್ಕಳಿಗೆ ಶೌಚಾಲಯದ ಅನುಕೂಲವಿದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಈಜು ಬಾರದವರು ನೀರಿಗಿಳಿಯಬಾರದು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ಬಳಿ ಗದ್ದಲ, ಹೊಗೆ ಸಲ್ಲದು. ಗುಡುಗು ಮಿಂಚು ಬಂದಾಗ ಒಂಟಿ ಮರದಡಿ ನಿಲ್ಲಬಾರದು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವನ್ಯಜೀವಿಗಳಿರುವ ನೆಲದ ನಿಯಮಗಳನ್ನೂ ಪಾಲಿಸಬೇಕು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿರುವುದು ನೆನಪಿರಲಿ.

ಪೂಜೆಯ ವಿಷಯದಲ್ಲಿ ಅಂಜಿಕೆ ಬೇಡ. ಬಸ್ಸು ಮುಂಜಾನೆ ಆರಕ್ಕೆ ಹೊರಡುವುದಾದರೆ ಒಂದು ಗಂಟೆ ಮೊದಲೆದ್ದು ಇಷ್ಟಲಿಂಗಪೂಜೆಯನ್ನು ಪೂರೈಸಬಹುದು. ಓಡಾಟದಲ್ಲಿ ಕರಡಿಗೆ ಕೊಂಬೆಗೆ ಸಿಲುಕದಂತೆ ಶಿವದಾರವನ್ನು ಭದ್ರವಾಗಿ ಕಟ್ಟಿ ಅಂಗಿಯೊಳಗೆ ಇರಿಸಿಕೊಳ್ಳಬೇಕು. ಸಸ್ಯಾಹಾರದ ಏರ್ಪಾಡನ್ನು ಮೊದಲೇ ತಿಳಿಸುವುದು ಲೇಸು. ಸಂದೇಹವಿದ್ದರೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಇದ್ದೇ ಇದೆ. ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟಿಕೊಟ್ಟರೆ ತಂಡಕ್ಕೆ ಹಂಚಿ ಉಣ್ಣುವ ಭಾಗ್ಯವೂ ಒದಗುತ್ತದೆ. ನೀರು, ತಲೆಗೆ ಟೋಪಿ, ಜಾರದ ಪಾದರಕ್ಷೆ, ನಿತ್ಯದ ಔಷಧಿ ಮರೆಯಬಾರದು.

ಮನೆಯಂಗಳದಲ್ಲೂ ಆಡಬಹುದು

ಈ ಆಟಕ್ಕೆ ಹಣ ಸುರಿಯಲೇಬೇಕೆಂದಿಲ್ಲ. ಬೇಸಿಗೆಯ ರಜೆಯಲ್ಲಿ ಮೊಮ್ಮಕ್ಕಳು ಸೇರಿದಾಗ ಐದು ಚೀಟಿಗಳನ್ನು ಬರೆದು ಹಿತ್ತಲಲ್ಲಿ, ತೋಟದಲ್ಲಿ, ಮಠದ ಆವರಣದಲ್ಲಿ ಅಡಗಿಸಿಡಿರಿ. ಅಜ್ಜಿ ಬಲ್ಲ ಒಗಟೊಂದನ್ನು, ಸಾಲೆಯ ಲೆಕ್ಕವೊಂದನ್ನು, ಶರಣರ ಕಾಯಕದ ಬಗೆಗಿನ ಪ್ರಶ್ನೆಯೊಂದನ್ನು ಸೇರಿಸಿರಿ. ಪ್ರತಿ ತಂಡದಲ್ಲಿಯೂ ಒಬ್ಬ ಚಿಕ್ಕ ಮಗು, ಒಬ್ಬ ಹಿರಿಯರು ಇರಲಿ. ಕೊನೆಯವರು ಬಂದ ಮೇಲೆಯೇ ಗೆಲುವೆಂಬ ನಿಯಮವೂ ಇರಲಿ. ಯಾರನ್ನೂ ಹಿಂದೆ ಬಿಡದೆ ನಡೆಯುವ ಅಭ್ಯಾಸ ಮನೆಯಲ್ಲಿ ಬೆಳೆದರೆ ಮಕ್ಕಳು ನಾಳೆ ಯಾವ ಕಚೇರಿಗೆ ಹೋದರೂ ಅದು ಅವರ ಜೊತೆಗೇ ಹೋಗುತ್ತದೆ.