ದೂರದ ನಿಲಯವೂ ಅಂಕೀಯ ಬಾನುಲಿಯೂ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಚಾಕಣವು ಒಂದು ಕಾಲಕ್ಕೆ ತನ್ನ ನೆಲಕೋಟೆಗೂ ಈರುಳ್ಳಿಯ ಪೇಟೆಗೂ ಹೆಸರಾಗಿದ್ದ ಊರು. ಈಗ ಅದು ಮೋಟಾರು ಕಾರ್ಖಾನೆಗಳ ಊರು. ಈ ಕಾರ್ಖಾನೆಗಳನ್ನು ನಂಬಿ ಬಂದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಉಂಟು. ಅಂಥವರಲ್ಲೊಬ್ಬರು ರಾತ್ರಿಯ ಹೊತ್ತು ಆಕಾಶವಾಣಿಯ ಧಾರವಾಡ ನಿಲಯವನ್ನು ಕೇಳಬಯಸಿದರೆ ಆ ಧ್ವನಿಯು ನೇರರೇಖೆಯಲ್ಲಿ ಹೆಚ್ಚುಕಡಿಮೆ 380 ಕಿಲೋಮೀಟರುಗಳನ್ನು ಕ್ರಮಿಸಿ ಬರಬೇಕು. ಧಾರವಾಡ ನಿಲಯವು 1950ರ ಜನವರಿಯಲ್ಲಿಯೂ ಪುಣೆಯ ನಿಲಯವು 1953ರ ಅಕ್ಟೋಬರಿನಲ್ಲಿಯೂ ಆರಂಭವಾದಾಗ ಎರಡು ಊರುಗಳೂ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದುವು. 1956ರಲ್ಲಿ ರಾಜ್ಯಗಳ ಎಲ್ಲೆಗಳು ಬೇರೆಯಾದುವು. ಮಧ್ಯಮ ತರಂಗಗಳು ಆ ಎಲ್ಲೆಯನ್ನು ಎಣಿಸಲಿಲ್ಲ.

ಮಧ್ಯಮ ತರಂಗವೆಂದು ಇಲ್ಲಿ ಬಿಡಿಸಿ ಹೇಳಲು ಕಾರಣವಿದೆ. ಎಫ್.ಎಂ. ಪ್ರಸಾರದ ಅಲೆಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲಿಯೇ ಚಲಿಸುವುದರಿಂದ ಅವುಗಳ ವ್ಯಾಪ್ತಿ ಹತ್ತಾರು ಕಿಲೋಮೀಟರುಗಳಿಗೆ ಮುಗಿಯುತ್ತದೆ; ಧಾರವಾಡದ ಎಫ್.ಎಂ. ಚಾಕಣಕ್ಕೆ ಬರುವುದೆಂಬ ಆಸೆಯೇ ವ್ಯರ್ಥ. ಮಧ್ಯಮ ತರಂಗವಾದರೋ ಹಗಲಿನಲ್ಲಿ ನೆಲವನ್ನು ಅನುಸರಿಸಿ ಸಾಗುತ್ತದೆ. ಮೇಲಕ್ಕೆ ಹೋದ ಭಾಗವನ್ನು ವಾಯುಮಂಡಲದ ವಿದ್ಯುದಾವಿಷ್ಟ ಪದರಗಳಲ್ಲಿ ಕೆಳಗಿನದು ಹಗಲಿನಲ್ಲಿ ಹೀರಿಬಿಡುತ್ತದೆ. ಸೂರ್ಯಾಸ್ತವಾದೊಡನೆ ಆ ಪದರವು ಕ್ಷೀಣಿಸುವುದರಿಂದ ಅಲೆಗಳು ಇನ್ನೂ ಮೇಲಿನ ಪದರವನ್ನು ಮುಟ್ಟಿ ಅಲ್ಲಿಂದ ನೂರಾರು ಮೈಲಿಗಳ ಆಚೆಗೆ ಬಾಗಿ ಇಳಿಯುತ್ತವೆ. ರಾತ್ರಿ ಮಾತ್ರ ದೂರದ ನಿಲಯಗಳು ಕೇಳಿಸುವ ರಹಸ್ಯವು ಇಷ್ಟೆ.

ಹೀಗೆ ಬಂದ ಧ್ವನಿ ಶುದ್ಧವಾಗಿರುವುದಿಲ್ಲ. ಒಮ್ಮೆ ಉಕ್ಕುತ್ತದೆ, ಒಮ್ಮೆ ಬತ್ತುತ್ತದೆ. ಕಾರ್ಖಾನೆಯ ಮೋಟಾರು, ಬೀದಿಯ ದೀಪ, ಮೊಬೈಲಿನ ಚಾರ್ಜರು ಎಲ್ಲವೂ ತಮ್ಮ ಗೊರಗೊರವನ್ನು ಅದಕ್ಕೆ ಸೇರಿಸುತ್ತವೆ. ಆದರೂ ಭಾಷೆ ಬಲ್ಲ ಶ್ರೋತೃವು ವಾರ್ತೆಯ ಅರ್ಧ ವಾಕ್ಯದಿಂದ ಉಳಿದರ್ಧವನ್ನು ಊಹಿಸುತ್ತಾನೆ, ಪರಿಚಿತ ಹಾಡಿನ ಮುಳುಗಿದ ಸಾಲನ್ನು ತಾನೇ ತುಂಬಿಕೊಳ್ಳುತ್ತಾನೆ. ಹಳೆಯ ಬಾನುಲಿಯಲ್ಲಿ ಕೇಳುವವನ ಮನಸ್ಸೂ ಗ್ರಾಹಕಯಂತ್ರದ ಒಂದು ಅಂಗವಾಗಿತ್ತೆಂದರೆ ಸಲ್ಲುತ್ತದೆ.

ಅಂಕೀಯ, ಎಂದರೆ ಡಿಜಿಟಲ್, ಪ್ರಸಾರವು ಈ ಕೆಲಸವನ್ನು ಶ್ರೋತೃವಿನಿಂದ ಕಿತ್ತು ಯಂತ್ರಕ್ಕೆ ವಹಿಸುತ್ತದೆ. ಹಳೆಯ ಕ್ರಮದಲ್ಲಿ ಧ್ವನಿಯ ಏರಿಳಿತವೇ ವಾಹಕ ತರಂಗದ ಏರಿಳಿತವಾಗುತ್ತಿತ್ತು. ಹೊಸ ಕ್ರಮದಲ್ಲಿ ಧ್ವನಿಯನ್ನು ಮೊದಲು ಅಳೆದು ಅಂಕಿಗಳಾಗಿ ಮಾಡಿ, ಕಿವಿಗೆ ನಿಲುಕದ ಅಂಶಗಳನ್ನು ಕಳೆದು, ಉಳಿದುದನ್ನು ಒಂದು ವಾಹಕದ ಬದಲು ಸುಮಾರು 200 ಕಿರುವಾಹಕಗಳ ಮೇಲೆ ಹಂಚಿ ಕಳುಹಿಸುತ್ತಾರೆ. ಹಂಚುವ ಮೊದಲು ಅಂಕಿಗಳಿಗೆ ರಕ್ಷಣೆಯ ಅಂಕಿಗಳನ್ನು ಬೆರಸುತ್ತಾರೆ. ಚೆಕ್ಕಿನ ಮೊತ್ತವನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆಯುವುದರ ಉದ್ದೇಶವೂ ಇದೇ. ಆದರೆ ಇದಕ್ಕಿಂತ ಹತ್ತಿರದ ಸಾಮ್ಯ ನಮ್ಮ ಹಳಗನ್ನಡ ಕಾವ್ಯಗಳಲ್ಲಿದೆ. ಓಲೆಗರಿಯ ಪದ್ಯವೊಂದರಲ್ಲಿ ಒಂದಕ್ಷರವನ್ನು ಹುಳು ತಿಂದಿದ್ದರೆ ಸಂಪಾದಕನು ಎದೆಗುಂದುವುದಿಲ್ಲ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಆದಿಪ್ರಾಸದ ಕಟ್ಟು, ಗಣಗಳ ಲೆಕ್ಕ, ಇವುಗಳ ಬಲದಿಂದ ಹೋದ ಅಕ್ಷರವನ್ನು ಅವನು ಮರಳಿ ಪಡೆಯಬಲ್ಲ. ಅರ್ಥದ ದೃಷ್ಟಿಯಿಂದ ಹೆಚ್ಚುವರಿಯೆನಿಸಿದ ಕಟ್ಟೇ ಪಾಠವನ್ನು ಉಳಿಸುತ್ತದೆ. ಹುಳುವು ಇಡೀ ಪಾದವನ್ನೇ ತಿಂದರೆ ಮಾತ್ರ ಅವನಿಗೂ ದಾರಿಯಿಲ್ಲ. ಇದಕ್ಕೆಂದೇ ಅಂಕೀಯ ಪ್ರಸಾರದಲ್ಲಿ ಅಂಕಿಗಳನ್ನು ಕಾಲಕ್ರಮದಲ್ಲಿ ಕಲೆಸಿ ಕಳುಹಿಸುವ ಇನ್ನೊಂದು ಉಪಾಯವಿದೆ: ಅನೇಕ ಪದ್ಯಗಳ ಅಕ್ಷರಗಳನ್ನು ಚದುರಿಸಿ ಬರೆದಿಟ್ಟಂತೆ. ಆಗ ಹುಳು ಎಲ್ಲಿ ತಿಂದರೂ ಒಂದೊಂದು ಪದ್ಯಕ್ಕೆ ಒಂದೊಂದೇ ಅಕ್ಷರ ನಷ್ಟ.

ಇದರಿಂದ ಶ್ರೋತೃವಿಗೆ ಎರಡು ಫಲಗಳುಂಟು. ಕಲೆಸಿದುದನ್ನು ಬಿಡಿಸಲು ಯಂತ್ರವು ಕಾದುಕೊಂಡಿರಬೇಕಾದುದರಿಂದ ನಿಲಯವನ್ನು ಹಿಡಿದ ಕೆಲವು ಸೆಕೆಂಡುಗಳ ಮೇಲೆಯೇ ಧ್ವನಿ ಹೊರಡುತ್ತದೆ. ವೇಳೆಯನ್ನು ಸೂಚಿಸುವ ಆಕಾಶವಾಣಿಯ ನಾದವೂ ಅಷ್ಟೇ ತಡವಾಗಿ ಬರುವುದರಿಂದ ಅದನ್ನು ಕೇಳಿ ಗಡಿಯಾರ ತಿದ್ದುವವರು ಈ ಮಾತನ್ನು ನೆನಪಿಡಬೇಕು. ಎರಡನೆಯ ಫಲವು ಹೆಚ್ಚು ಗುರುತರವಾದುದು. ತಿದ್ದುವ ಶಕ್ತಿ ಇರುವವರೆಗೆ ಧ್ವನಿ ಸ್ವಚ್ಛವಾಗಿರುತ್ತದೆ. ದೋಷಗಳು ಆ ಮಿತಿಯನ್ನು ಮೀರಿದೊಡನೆ ಗೊರಗೊರವಲ್ಲ, ಸಂಪೂರ್ಣ ಮೌನ. ಹಳೆಯ ಪ್ರಸಾರವು ಇಳಿಜಾರಾದರೆ ಹೊಸದು ಕಡಿದಾದ ಬಂಡೆ. ಪುಣೆಯ ನಿಲಯವನ್ನು ಚಾಕಣದಲ್ಲಿ ಕೇಳುವವನಿಗೆ ಇದು ನಿರ್ವಿವಾದ ಲಾಭ. ಧಾರವಾಡವನ್ನು ಕೇಳುವವನು ಬಂಡೆಯ ಅಂಚಿನಲ್ಲಿ ನಿಂತಿರುತ್ತಾನೆ. ಊಹಿಸಿ ತುಂಬಿಕೊಳ್ಳುವ ಅವನ ಭಾಷಾಜ್ಞಾನಕ್ಕೆ ಅಲ್ಲಿ ಕೆಲಸವಿಲ್ಲ.

ಭಾರತವು ಮಧ್ಯಮ ತರಂಗಕ್ಕಾಗಿ ಆರಿಸಿಕೊಂಡ ಪದ್ಧತಿಗೆ ಡಿಜಿಟಲ್ ರೇಡಿಯೋ ಮಾಂಡಿಯಲ್, ಸಂಕ್ಷೇಪದಲ್ಲಿ ಡಿ.ಆರ್.ಎಂ., ಎಂದು ಹೆಸರು. ಅದನ್ನು ರೂಪಿಸಿದ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲಿ ಸ್ಥಾಪಿತವಾಯಿತು. ಆಕಾಶವಾಣಿಯು ಇದಕ್ಕೆ ಅಣಿಗೊಳಿಸಿದ 35 ಮಧ್ಯಮ ತರಂಗ ಪ್ರೇಷಕಗಳಲ್ಲಿ ಧಾರವಾಡದ 200 ಕಿಲೋವಾಟಿನದು (765 ಕಿಲೋಹರ್ಟ್ಸ್), ಬೆಂಗಳೂರಿನ 200 ಕಿಲೋವಾಟಿನದು (612), ಪುಣೆಯ 100 ಕಿಲೋವಾಟಿನದು (792) ಸೇರಿವೆ. ಒಂದೇ ಪ್ರೇಷಕವು ಹಳೆಯ ರೀತಿಯ ಧ್ವನಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಕಳುಹಿಸಬಲ್ಲದು. ಆದರೆ ಶಕ್ತಿಯ ದೊಡ್ಡ ಪಾಲು ಆಗ ಹಳೆಯದಕ್ಕೇ ಹೋಗುತ್ತದೆ. ಕೇವಲ ಅಂಕೀಯವಾಗಿ ಪ್ರಸಾರ ಮಾಡಿದರೆ ಅದೇ ವ್ಯಾಪ್ತಿಗೆ ಕಡಿಮೆ ವಿದ್ಯುತ್ತು ಸಾಕು, ಒಂದು ಜಾಡಿನಲ್ಲಿ 4 ಸೇವೆಗಳವರೆಗೆ ಅವಕಾಶವೂ ಉಂಟು. ಹಾಗೆ ಮಾಡಿದ ದಿನ ಹಳೆಯ ರೇಡಿಯೋ ಪೆಟ್ಟಿಗೆಗಳಿಗೆ ಆ ನಿಲಯದಿಂದ ಬರುವುದು ಬರಿಯ ಭೋರೆಂಬ ಸದ್ದು.

ಹೊಸ ಗ್ರಾಹಕಯಂತ್ರಗಳು ಅಂಗಡಿಯಲ್ಲಿ ವಿರಳ, ಬೆಲೆಯೂ ಹೆಚ್ಚು. ವಿಚಿತ್ರವೆಂದರೆ ಅವು ಜನರ ಕೈಗೆ ಬಂದದ್ದು ಕಾರುಗಳ ಮೂಲಕ: ಭಾರತದಲ್ಲಿ ಮಾರಾಟವಾದ ಲಕ್ಷಾಂತರ ಕಾರುಗಳಲ್ಲಿ ಈ ಯಂತ್ರ ಅಡಕವಾಗಿಯೇ ಇದೆ, ಒಡೆಯರಲ್ಲಿ ಹಲವರಿಗೆ ಅದರ ಅರಿವಿಲ್ಲ. ಕಾರು ಕಟ್ಟುವ ಊರಿನಲ್ಲಿ ಕಾರಿಲ್ಲದ ಕೆಲಸಗಾರನಿಗೆ ಉಳಿಯುವುದು ಮೊಬೈಲು. ಆಕಾಶವಾಣಿಯ ನ್ಯೂಸ್ ಆನ್ ಏರ್ ಎಂಬ ಆ್ಯಪಿನಲ್ಲಿ ಧಾರವಾಡವು ಹಗಲಿರುಳೆನ್ನದೆ ಸ್ವಚ್ಛವಾಗಿ ಬರುತ್ತದೆಂಬುದು ನಿಜ. ಆದರೆ ಅಲ್ಲಿ ಪ್ರತಿಯೊಬ್ಬ ಶ್ರೋತೃವಿಗೂ ಪ್ರತ್ಯೇಕ ಪ್ರವಾಹ, ಅದಕ್ಕೆ ಪ್ರತ್ಯೇಕ ಖರ್ಚು. ಬಾನುಲಿಯಲ್ಲಿ ಹತ್ತು ಮಂದಿ ಕೇಳಿದರೂ ಹತ್ತು ಲಕ್ಷ ಮಂದಿ ಕೇಳಿದರೂ ಪ್ರೇಷಕದ ವೆಚ್ಚ ಒಂದೇ. ಯಾರು ಕೇಳಿದರೆಂಬ ಲೆಕ್ಕವನ್ನೂ ಅದು ಇಡುವುದಿಲ್ಲ.

ಅಂಕೀಯ ಬಾನುಲಿಯು ಧ್ವನಿಯೊಡನೆ ನಿಲಯದ ಹೆಸರನ್ನೂ ಅಕ್ಷರರೂಪದಲ್ಲಿ ಕಳುಹಿಸುತ್ತದೆ. ಅದಕ್ಕೆ ಮೀಸಲಾದ ಜಾಗ 64 ಬೈಟುಗಳು. ಲಿಪಿಗೆ ಬಳಸುವ ಸಂಕೇತಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ, ಎಂದರೆ ಮೂಲಾಕ್ಷರಕ್ಕೂ ಗುಣಿತದ ಗುರುತಿಗೂ, 3 ಬೈಟುಗಳು ತಗಲುತ್ತವೆ. ‘ಆಕಾಶವಾಣಿ ಧಾರವಾಡ’ ಎಂಬಲ್ಲಿ 14 ಚಿಹ್ನೆಗಳೂ ನಡುವೆ ಒಂದು ತೆರವೂ ಇವೆ. ಒಟ್ಟು 43 ಬೈಟುಗಳು. ಕನ್ನಡ ಅಚ್ಚುಗಳಿರುವ ಗ್ರಾಹಕಯಂತ್ರವಾದರೆ ಆ ಹೆಸರು ರೋಮನ್ ಲಿಪಿಯ ಹಂಗಿಲ್ಲದೆ ಪರದೆಯ ಮೇಲೆ ಮೂಡಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.