ಐರ್ಲೆಂಡಿನ ತುಟ್ಟಿ ಬದುಕು: ಕಾರಿನ ಬಾಡಿಗೆಯಿಂದ ಮನೆ ಬಾಡಿಗೆಯವರೆಗೆ

ಬೇಸಿಗೆಯಲ್ಲಿ ಐರ್ಲೆಂಡ್ ಸುತ್ತಲು ಹೊರಟವರನ್ನು ವಿಮಾನದ ಟಿಕೆಟ್ಟಿಗಿಂತ ಹೆಚ್ಚಾಗಿ ಕಾಡುವುದು ಬಾಡಿಗೆ ಕಾರಿನ ದರ. ನಮ್ಮಲ್ಲಿ ಬಾಡಿಗೆ ಕಾರು ಎಂದರೆ ಚಾಲಕನೂ ಸೇರಿಯೇ ಲೆಕ್ಕ. ಅಲ್ಲಿ ಕೊಡುವುದು ಬರೀ ಗಾಡಿಯ ಬಾಡಿಗೆ, ಓಡಿಸುವವರು ನಾವೇ. ಆದರೂ ಜುಲೈ, ಆಗಸ್ಟ್ ತಿಂಗಳ ದರ ನೋಡಿದವರು ಪ್ರವಾಸದ ದಿನಗಳನ್ನೇ ಕಡಿಮೆ ಮಾಡಿಕೊಳ್ಳುವುದುಂಟು. ಇದು ಪ್ರವಾಸಿಗರ ಕಷ್ಟವಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಯುರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್‌ನ ಲೆಕ್ಕದಲ್ಲಿ, ಒಕ್ಕೂಟದ ಸರಾಸರಿ ಬೆಲೆಯನ್ನು 100 ಎಂದಿಟ್ಟುಕೊಂಡರೆ 2023ರಲ್ಲಿ ಐರ್ಲೆಂಡಿನ ಗೃಹಬಳಕೆಯ ಬೆಲೆಮಟ್ಟ 142. ಒಕ್ಕೂಟದಲ್ಲಿ ಅದಕ್ಕಿಂತ ತುಟ್ಟಿಯಾಗಿದ್ದ ದೇಶ ಡೆನ್ಮಾರ್ಕ್ ಒಂದೇ. ಅದರ ಹಿಂದಿನ ವರ್ಷ ಐರ್ಲೆಂಡೇ ಮೊದಲ ಸ್ಥಾನದಲ್ಲಿತ್ತು. ದೇಶ ಶ್ರೀಮಂತವಾಯಿತು, ಬೆಲೆಯೂ ಏರಿತು ಎಂಬ ಸುಲಭದ ಉತ್ತರವನ್ನು ಅನೇಕರು ಕೊಡುತ್ತಾರೆ. ಸರ್ಕಾರದ ತೆರಿಗೆಯೇ ಇದಕ್ಕೆಲ್ಲ ಕಾರಣ ಎನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಆಳಕ್ಕೆ ಇಳಿದರೆ ಕಾಣುವುದು ಬೇರೆ: ಬದುಕಿಗೆ ಬೇಕೇ ಬೇಕಾದ ಮನೆ, ಓಡಾಟ, ವಿದ್ಯುತ್ತುಗಳ ಪೂರೈಕೆ ದಶಕಗಳಿಂದ ಬೇಡಿಕೆಯ ಹಿಂದೆ ಬಿದ್ದಿದೆ, ಜನರಿಗೆ ಬೇರೆ ದಾರಿ ಉಳಿದಿಲ್ಲ. ಬೇರೆ ದಾರಿ ಇಲ್ಲದವರು ಕೇಳಿದಷ್ಟು ಕೊಡಲೇಬೇಕು. ಬಾಡಿಗೆ ಕಾರನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗಿ ಅರ್ಥವಾಗುತ್ತದೆ.

ಮೊದಲು ಕಾರಿನ ಬೆಲೆ. ಐರ್ಲೆಂಡಿನಲ್ಲಿ ಈಗ ಕಾರು ತಯಾರಾಗುವುದಿಲ್ಲ. ಕಾರ್ಕ್ ನಗರದಲ್ಲಿ 1917ರಲ್ಲಿ ಆರಂಭವಾದ ಫೋರ್ಡ್ ಕಾರ್ಖಾನೆ 1984ರಲ್ಲಿ ಬಾಗಿಲು ಹಾಕಿತು. ಅಂದಿನಿಂದ ಪ್ರತಿಯೊಂದು ಕಾರೂ ಕಡಲು ದಾಟಿಯೇ ಬರಬೇಕು. ಯುರೋಪಿನ ಒಳಗಿನ ಸುಂಕದ ಗಡಿಗಳು ಇಲ್ಲವಾದ 1993ರಲ್ಲಿ, ಕಾರಿನ ಮೇಲಿನ ಅಬಕಾರಿ ಸುಂಕದ ಆದಾಯ ಕೈತಪ್ಪದಂತೆ ಸರ್ಕಾರ ವಾಹನ ನೋಂದಣಿ ತೆರಿಗೆಯನ್ನು ತಂದಿತು. ಅಲ್ಲಿಯವರು ಅದನ್ನು ವಿಆರ್‌ಟಿ ಎನ್ನುತ್ತಾರೆ. ಇಂಗಾಲದ ಹೊಗೆಯ ಪ್ರಮಾಣಕ್ಕೆ ತಕ್ಕಂತೆ 2022ರಿಂದ ಅದರ ದರ ಶೇ. 7ರಿಂದ ಶೇ. 41ರವರೆಗೆ ಇದೆ, ನೈಟ್ರೋಜನ್ ಆಕ್ಸೈಡ್ ಹೊಗೆಗೆ ಪ್ರತ್ಯೇಕ ತೆರಿಗೆ. ಇದನ್ನು ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆಯ ಮೇಲಲ್ಲ, ಎಲ್ಲ ತೆರಿಗೆ ಸೇರಿದ ಮಾರುಕಟ್ಟೆ ಬೆಲೆಯ ಮೇಲೆ. 20,000 ಯೂರೋ ಮೂಲ ಬೆಲೆಯ ಕಾರಿಗೆ ಶೇ. 23ರ ವ್ಯಾಟ್ ಸೇರಿದರೆ 24,600. ಶೇ. 15ರ ವಿಆರ್‌ಟಿ ದರದ ಗುಂಪಿಗೆ ಅದು ಸೇರಿದ್ದರೆ ಕೊನೆಯ ಬೆಲೆ ಸುಮಾರು 28,900. ತೆರಿಗೆಯ ಮೇಲೂ ತೆರಿಗೆ. ಬಾಡಿಗೆ ಕಂಪನಿಗಳಿಗೆ ವ್ಯಾಟ್ ಹಿಂದಕ್ಕೆ ಸಿಗುತ್ತದೆ. ವಿಆರ್‌ಟಿಯನ್ನು ಮಾತ್ರ ಕಾರು ಕೊಳ್ಳುವಾಗಲೇ ಕಟ್ಟಿ, ಮುಂದೆ ಹಳೆಯ ಕಾರಾಗಿ ಮಾರುವಾಗ ಬಂದಷ್ಟನ್ನು ವಸೂಲು ಮಾಡಿಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪವಿದೆ. ತೆರಿಗೆ ಪ್ರತಿ ವರ್ಷವೂ ಇರುವಂಥದ್ದು. ಹಾಗಿದ್ದರೆ 2022ರ ಬೇಸಿಗೆಯಲ್ಲಿ ಬಾಡಿಗೆ ದರ ಇದ್ದಕ್ಕಿದ್ದಂತೆ ಗಗನಕ್ಕೇರಿದ್ದೇಕೆ? ಆ ವರ್ಷ ನಡೆದದ್ದೇ ಈ ಉದ್ಯಮದ ಒಳಗುಟ್ಟನ್ನು ಬಿಟ್ಟುಕೊಡುತ್ತದೆ. ಕೋವಿಡ್ ಬಂದು 2020ರಲ್ಲಿ ಪ್ರವಾಸಿಗರು ಇಲ್ಲವಾದಾಗ ಬಾಡಿಗೆ ಕಂಪನಿಗಳು ಉಳಿಯಲು ಕಾರುಗಳನ್ನು ಮಾರಿಕೊಂಡವು. ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾದ ಹರ್ಟ್ಜ್ ಆ ಮೇ ತಿಂಗಳಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಪ್ರವಾಸಿಗರು ಮರಳಿ ಬಂದಾಗ ಚಿಪ್‌ಗಳ ಕೊರತೆಯಿಂದ ಹೊಸ ಕಾರುಗಳೇ ಸಿಗಲಿಲ್ಲ. ಬೇರೆ ದೇಶಗಳಲ್ಲೂ ಹೀಗೇ ಆಯಿತು, ನಿಜ. ಆದರೆ ಜರ್ಮನಿಯಲ್ಲಿ ಕಡಿಮೆ ಬಿದ್ದರೆ ಪಕ್ಕದ ದೇಶದಿಂದ ಕಾರು ಓಡಿಸಿಕೊಂಡು ಬರಬಹುದು. ಐರ್ಲೆಂಡಿನಲ್ಲಿ ವಾಹನಗಳು ನಮ್ಮಂತೆ ರಸ್ತೆಯ ಎಡಕ್ಕೆ ಓಡುತ್ತವೆ, ಸ್ಟೇರಿಂಗ್ ಬಲಕ್ಕೆ. ಯುರೋಪಿಯನ್ ಒಕ್ಕೂಟದಲ್ಲಿ ಹೀಗಿರುವ ಉಳಿದ ದೇಶಗಳು ಮಾಲ್ಟಾ ಮತ್ತು ಸೈಪ್ರಸ್ ಮಾತ್ರ. ಬ್ರಿಟನ್ ಒಕ್ಕೂಟದಲ್ಲಿ ಇದ್ದಷ್ಟು ದಿನ ಅಲ್ಲಿನ ದೊಡ್ಡ ಮಾರುಕಟ್ಟೆ ಐರ್ಲೆಂಡಿನ ಹಿತ್ತಲಂತೆ ಇತ್ತು, ಬಳಸಿದ ಕಾರುಗಳು ಧಾರಾಳವಾಗಿ ಬರುತ್ತಿದ್ದವು. ಬ್ರೆಕ್ಸಿಟ್ ನಂತರ, 2021ರ ಜನವರಿಯಿಂದ, ಗ್ರೇಟ್ ಬ್ರಿಟನ್‌ನಿಂದ ಬರುವ ಹಳೆಯ ಕಾರಿಗೂ ವ್ಯಾಟ್, ಅದು ಬ್ರಿಟನ್ನಿನಲ್ಲಿ ತಯಾರಾದದ್ದಲ್ಲವಾದರೆ ಶೇ. 10ರ ಸುಂಕವೂ ಬಿತ್ತು. ಆ ಬಾಗಿಲು ಮುಕ್ಕಾಲು ಮುಚ್ಚಿತು. ಕೆಲವು ವ್ಯಾಪಾರಿಗಳು ಬಲಗಡೆ ಸ್ಟೇರಿಂಗಿನ ಕಾರುಗಳಿಗಾಗಿ ಜಪಾನಿನವರೆಗೂ ಹೋಗಬೇಕಾಯಿತು.

ಇದರ ಜೊತೆಗೆ ಹಂಗಾಮಿನ ಲೆಕ್ಕ. ಐರ್ಲೆಂಡಿನ ಪ್ರವಾಸ ಬೇಸಿಗೆಯದು. ನವೆಂಬರಿನ ಮಳೆಗಾಳಿಯಲ್ಲಿ ಕೆರ್ರಿ ಜಿಲ್ಲೆಯ ಬೆಟ್ಟ ಸುತ್ತುವವರು ಕಡಿಮೆ. ಹಾಗಾಗಿ ಕಂಪನಿಗಳು ವಸಂತದಲ್ಲಿ ಕಾರು ಕೊಂಡು, ಶರತ್ಕಾಲದಲ್ಲಿ ಬಹಳಷ್ಟನ್ನು ಮಾರುತ್ತವೆ. ಕೆಲವೇ ತಿಂಗಳುಗಳ ದುಡಿಮೆಯಿಂದ ಕಾರಿನ ಸವಕಳಿ, ಬಡ್ಡಿ, ವಿಮೆ ಎಲ್ಲ ಹುಟ್ಟಬೇಕು. ಸ್ಥಳೀಯರು ಹೆಚ್ಚು ಓಡಿಸುತ್ತ ಬಂದದ್ದು ಗೇರ್ ಹಾಕುವ ಕಾರು, ಅಮೆರಿಕದ ಪ್ರವಾಸಿಗರು ಕೇಳುವುದು ಆಟೋಮ್ಯಾಟಿಕ್. ಅದಕ್ಕೆ ಇನ್ನಷ್ಟು ದರ.

ವಿಮೆಯದು ದೊಡ್ಡ ಕತೆ. ಅಪಘಾತದಲ್ಲಿ ಕುತ್ತಿಗೆ ಉಳುಕಿದಂಥ ಸಣ್ಣ ನೋವಿಗೂ ಐರ್ಲೆಂಡಿನಲ್ಲಿ ಸಿಗುತ್ತಿದ್ದ ಪರಿಹಾರ ಇಂಗ್ಲೆಂಡ್ ಮತ್ತು ವೇಲ್ಸ್‌ಗಿಂತ 4.4 ಪಟ್ಟು ಹೆಚ್ಚು ಎಂದು ಸರ್ಕಾರ ನೇಮಿಸಿದ ಆಯೋಗ 2018ರಲ್ಲಿ ವರದಿ ಕೊಟ್ಟಿತು. ನಿವೃತ್ತ ನ್ಯಾಯಮೂರ್ತಿ ನಿಕೋಲಸ್ ಕೀರ್ನ್ಸ್ ಅದರ ಅಧ್ಯಕ್ಷರಾಗಿದ್ದರು. ಆ ಹಣ ಕೊನೆಗೆ ಬರುವುದು ಎಲ್ಲರ ಪ್ರೀಮಿಯಂನಿಂದಲೇ. ಐರ್ಲೆಂಡಿನ ಹೆಸರು ಎಷ್ಟು ಕೆಟ್ಟಿತ್ತೆಂದರೆ, ಬಾಡಿಗೆ ಕಾರಿನ ಹಾನಿಗೆ ಬೇರೆ ಬಹುತೇಕ ದೇಶಗಳಲ್ಲಿ ರಕ್ಷಣೆ ಕೊಡುವ ಅಮೆರಿಕದ ಅನೇಕ ಕ್ರೆಡಿಟ್ ಕಾರ್ಡುಗಳು ಈ ದೇಶವನ್ನು ಹೊರಗಿಟ್ಟವು. ಪ್ರವಾಸಿಗರು ಕೌಂಟರಿನಲ್ಲಿ ಕಂಪನಿಯದೇ ವಿಮೆ ಕೊಳ್ಳಬೇಕು, ಇಲ್ಲವೇ ದೊಡ್ಡ ಮೊತ್ತವನ್ನು ಠೇವಣಿಯಾಗಿ ಒತ್ತೆ ಇಡಬೇಕು. ಪರಿಹಾರದ ಮೊತ್ತಗಳನ್ನು ತಗ್ಗಿಸುವ ಹೊಸ ಮಾರ್ಗಸೂಚಿ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು, ಮೊತ್ತ ಗಣನೀಯವಾಗಿ ಇಳಿಯಿತು. ಪ್ರೀಮಿಯಂ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ರಿಪೇರಿ ವೆಚ್ಚದ ಕಾರಣ ಹೇಳಿ 2023ರ ಹೊತ್ತಿಗೆ ಮತ್ತೆ ಏರತೊಡಗಿತು. ವಿಮೆ ಇಲ್ಲದೆ ಕಾರು ಓಡಿಸುವಂತಿಲ್ಲ, ಕಾರಿಲ್ಲದೆ ಬದುಕುವಂತಿಲ್ಲ. ಇಂಥ ಗಿರಾಕಿಯ ಮುಂದೆ ದರ ಇಳಿಸುವ ಒತ್ತಡ ಯಾರಿಗಿರುತ್ತದೆ?

ಕಾರಿಲ್ಲದೆ ಬದುಕುವಂತಿಲ್ಲ ಎಂಬ ಸ್ಥಿತಿ ತಾನಾಗಿ ಬಂದದ್ದಲ್ಲ. ನೂರು ವರ್ಷಗಳ ಹಿಂದೆ ಆ ದ್ವೀಪದಲ್ಲಿ 5,500 ಕಿ.ಮೀ. ಹತ್ತಿರ ರೈಲು ಹಾದಿ ಇತ್ತು. ಈಗ ಉಳಿದಿರುವುದು ಅದರ ಅರ್ಧಕ್ಕಿಂತ ಕಡಿಮೆ. ವಾಯವ್ಯದ ಡೊನೆಗಾಲ್ ಜಿಲ್ಲೆಯಲ್ಲಿ 1965ರ ಹೊತ್ತಿಗೆ ಒಂದೂ ರೈಲು ಉಳಿಯಲಿಲ್ಲ. ರಾಜಧಾನಿ ಡಬ್ಲಿನ್ ನಗರದ ಒಳಗೇ ಹಾರ್ಕೋರ್ಟ್ ಸ್ಟ್ರೀಟ್ ಮಾರ್ಗವನ್ನು 1958ರ ಕೊನೆಯ ದಿನ ಮುಚ್ಚಿದರು. ಅದರ ಒಂದು ಭಾಗ ಲುವಾಸ್ ಟ್ರಾಮ್ ಆಗಿ ಮರುಜೀವ ಪಡೆದದ್ದು 2004ರಲ್ಲಿ. ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಮೆಟ್ರೋ ತರುವುದಾಗಿ ಸರ್ಕಾರ 2005ರ ಯೋಜನೆಯಲ್ಲೇ ಘೋಷಿಸಿತ್ತು. ಅಲ್ಲಿಗೆ ಇನ್ನೂ ಯಾವ ರೈಲೂ ಹೋಗುವುದಿಲ್ಲ. ಹಳ್ಳಿಗಾಡಿನಲ್ಲಿ ಊರು ಎಂದರೆ ಒತ್ತೊತ್ತಾದ ಕೇರಿಗಳಲ್ಲ. ಒಂದೊಂದು ಹೊಲದಂಚಿಗೆ ಒಂದೊಂದು ಒಂಟಿ ಮನೆ. ದೇಶದ ಮನೆಗಳಲ್ಲಿ ಸುಮಾರು ಕಾಲು ಭಾಗ ಇಂಥವೇ. ಹೀಗೆ ಚದುರಿದ ಊರಿಗೆ ಬಸ್ಸು ಓಡಿಸುವುದು ಕಷ್ಟ, ವಿದ್ಯುತ್ ತಂತಿ, ನೀರಿನ ಕೊಳವೆ ಎಳೆಯುವುದೂ ದುಬಾರಿ. 51 ಲಕ್ಷ ಜನಸಂಖ್ಯೆಯ ದೇಶದಲ್ಲಿ 12 ಲಕ್ಷದಷ್ಟು ಜನ ತಾವೇ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ ಎಂದು 2022ರ ಜನಗಣತಿ ಹೇಳಿತು. ಪ್ರವಾಸಿಗೆ ಒಂದು ವಾರ ತಟ್ಟುವ ಬಿಸಿ ಇವರಿಗೆ ವರ್ಷವಿಡೀ ತಟ್ಟುತ್ತದೆ.

ಅಲ್ಲಿಗೆ ಕೆಲಸಕ್ಕೆ ಹೋದ ಭಾರತೀಯರಿಗೆ, ಅವರಲ್ಲಿ ಕನ್ನಡದ ನರ್ಸುಗಳು, ಸಾಫ್ಟ್‌ವೇರ್ ಎಂಜಿನಿಯರುಗಳೂ ಇದ್ದಾರೆ, ಇದು ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಭಾರತದ ಲೈಸೆನ್ಸನ್ನು ಕೊಟ್ಟು ಐರಿಶ್ ಲೈಸೆನ್ಸ್ ಬದಲಾಯಿಸಿಕೊಳ್ಳಲು ಅವಕಾಶವಿಲ್ಲ. ಹತ್ತು ವರ್ಷ ಗಾಡಿ ಓಡಿಸಿದವರೂ ಕಲಿಕಾ ಪರವಾನಗಿಯಿಂದ ಆರಂಭಿಸಿ ಪರೀಕ್ಷೆಗೆ ಸರದಿ ಕಾಯಬೇಕು. ಆಮೇಲೆ ವಿಮಾ ಕಂಪನಿ ಅವರನ್ನು ಹೊಸಬರ ದರಕ್ಕೆ ಸೇರಿಸುತ್ತದೆ.

ಈಗ ಮನೆಗೆ ಬರೋಣ, ಏಕೆಂದರೆ ಬೆಲೆಯ ಭಾರದಲ್ಲಿ ಅತಿ ದೊಡ್ಡ ಪಾಲು ಅದರದೇ. ಕಾರಿನಲ್ಲಿ ಕಂಡದ್ದೇ ಇಲ್ಲಿ ಇನ್ನೂ ಕ್ರೂರವಾಗಿ ಕಾಣುತ್ತದೆ. 2008ಕ್ಕೆ ಮೊದಲಿನ ಅಬ್ಬರದ ವರ್ಷಗಳಲ್ಲಿ ಐರ್ಲೆಂಡ್ ಬೇಕಾದದ್ದಕ್ಕಿಂತ ಹೆಚ್ಚು ಮನೆ ಕಟ್ಟಿತು, ಅದೂ ಬೇಡದ ಕಡೆ. ಬ್ಯಾಂಕುಗಳು ಕುಸಿದವು, ಗುತ್ತಿಗೆದಾರರು ಮುಳುಗಿದರು, ಗಾರೆ ಕೆಲಸದವರು, ಬಡಗಿಗಳು ಆಸ್ಟ್ರೇಲಿಯಾ, ಕೆನಡಾಗಳಿಗೆ ಹೊರಟುಹೋದರು. 2013ರಲ್ಲಿ ಇಡೀ ದೇಶದಲ್ಲಿ ಎದ್ದ ಹೊಸ ಮನೆಗಳು 5,000ಕ್ಕೂ ಕಡಿಮೆ. ಆ ಹೊತ್ತಿಗೆ ಡಬ್ಲಿನ್‌ಗೆ ಜಾಗತಿಕ ಕಂಪನಿಗಳೂ ಅವುಗಳ ಹಿಂದೆ ಜನರೂ ಬರುತ್ತಿದ್ದರು. 2024ರಲ್ಲಿ ಕಟ್ಟಿದ್ದು 30,000ದ ಆಸುಪಾಸು. ಸರ್ಕಾರವೇ ನೇಮಿಸಿದ ವಸತಿ ಆಯೋಗ 2024ರಲ್ಲಿ ಕೊಟ್ಟ ಅಂದಾಜಿನಂತೆ 2022ರ ಹೊತ್ತಿಗೇ ಕೊರತೆ 2,12,500ರಿಂದ 2,56,000 ಮನೆಗಳು. ಡಬ್ಲಿನ್‌ನಲ್ಲಿ ಹೊಸದಾಗಿ ಬಾಡಿಗೆಗೆ ಸಿಗುವ ಮನೆಯ ಸರಾಸರಿ ಬಾಡಿಗೆ ತಿಂಗಳಿಗೆ 2,000 ಯೂರೋ ದಾಟಿದೆ. 2025ರ ಕನಿಷ್ಠ ವೇತನ ಗಂಟೆಗೆ 13.50 ಯೂರೋ, ವಾರಕ್ಕೆ 39 ಗಂಟೆ ದುಡಿದರೆ ತಿಂಗಳಿಗೆ ಬರುವುದು ಸುಮಾರು 2,280. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಹೋಟೆಲ್ಲಿನಲ್ಲಿ ತಟ್ಟೆ ಎತ್ತುವ ಹುಡುಗ, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಎಲ್ಲಿರಬೇಕು ಎಂಬ ಪ್ರಶ್ನೆ ಏಳುತ್ತದೆ. ಅವರಿಗೆ ಬಾಡಿಗೆ ಕಟ್ಟುವಷ್ಟು ಸಂಬಳ ಕೊಡಬೇಕಾದ್ದರಿಂದಲೇ ಊಟವೂ ಶಿಶುಪಾಲನೆಯೂ ತುಟ್ಟಿಯಾಗುತ್ತವೆ. ಮನೆಯ ಬೆಲೆ ಎಲ್ಲದರ ಬೆಲೆಯೊಳಗೂ ಸೇರಿಕೊಳ್ಳುವುದು ಹೀಗೆ.

ಸಂಬಳವೂ ಹೆಚ್ಚಲ್ಲವೇ, ಹಾಗಿದ್ದರೆ ದೂರೇಕೆ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ತಲಾ ಜಿಡಿಪಿಯಲ್ಲಿ ಐರ್ಲೆಂಡ್ ಒಕ್ಕೂಟದ ಸರಾಸರಿಯ ಎರಡು ಪಟ್ಟಿಗೂ ಮೇಲಿದೆ. ಆದರೆ ಆ ಸಂಖ್ಯೆಯಲ್ಲಿ ಬಹುರಾಷ್ಟ್ರೀಯ ಕಂಪನಿಗಳು ಕಡಿಮೆ ತೆರಿಗೆಯ ಆಸೆಗೆ ಅಲ್ಲಿ ಲೆಕ್ಕ ಬರೆಸುವ ಲಾಭವೂ ಸೇರಿದೆ. 2015ರ ಒಂದೇ ವರ್ಷದಲ್ಲಿ ಜಿಡಿಪಿ ಶೇ. 25ಕ್ಕೂ ಹೆಚ್ಚು ಬೆಳೆದಂತೆ ಕಂಡಾಗ ದೇಶದ ಅಂಕಿಅಂಶ ಕಚೇರಿಯೇ ಬೇರೊಂದು ಅಳತೆಗೋಲನ್ನು ರೂಪಿಸಬೇಕಾಯಿತು. ಮನೆಗಳು ನಿಜವಾಗಿ ಬಳಸುವ ಸರಕು, ಸೇವೆಗಳನ್ನು ಬೆಲೆಯ ವ್ಯತ್ಯಾಸ ಸರಿಪಡಿಸಿ ಅಳೆದರೆ ಐರಿಶ್ ಜನರ ಬಳಕೆ ಒಕ್ಕೂಟದ ಸರಾಸರಿಯ ಸುತ್ತಮುತ್ತಲೇ ಇದೆ. ಸಂಬಳದ ಹೆಚ್ಚಳವನ್ನು ಬೆಲೆಯೇ ನುಂಗಿಹಾಕಿದೆ.

ಚಿಕ್ಕ ದ್ವೀಪ, ಎಲ್ಲವೂ ಹಡಗಿನಲ್ಲಿ ಬರಬೇಕು, ಏನು ಮಾಡಲಾದೀತು ಎಂಬುದು ಇನ್ನೊಂದು ಮಾತು. ಮಾಲ್ಟಾ, ಸೈಪ್ರಸ್ ಇನ್ನೂ ಚಿಕ್ಕ ದ್ವೀಪಗಳು, ಅಲ್ಲಿಯೂ ಕಾರಿನ ಸ್ಟೇರಿಂಗ್ ಬಲಕ್ಕೇ ಇದೆ. ಅವುಗಳ ಬೆಲೆಮಟ್ಟ ಒಕ್ಕೂಟದ ಸರಾಸರಿಗಿಂತ ಕೆಳಗಿದೆ. ಅಷ್ಟು ದೂರವೇಕೆ, ಅದೇ ದ್ವೀಪದಲ್ಲಿ ಬ್ರಿಟನ್ನಿಗೆ ಸೇರಿದ ಉತ್ತರ ಭಾಗವೇ ಸಾಕು. 2008ರ ಡಿಸೆಂಬರ್ 1ರಂದು ಬ್ರಿಟನ್ ವ್ಯಾಟನ್ನು ಶೇ. 15ಕ್ಕೆ ಇಳಿಸಿದ ದಿನವೇ ಐರ್ಲೆಂಡ್ ಅದನ್ನು ಶೇ. 21.5ಕ್ಕೆ ಏರಿಸಿತು; ಪೌಂಡ್ ಬೆಲೆಯೂ ಬಿದ್ದಿತ್ತು. ಗಡಿಯಾಚೆಯ ನ್ಯೂರಿ ನಗರದ ಅಂಗಡಿಗಳಿಗೆ ದಕ್ಷಿಣದ ಕಾರುಗಳು ಸಾಲುಗಟ್ಟಿದವು. ಕಡಲು ಎರಡೂ ಕಡೆಯವರಿಗೆ ಒಂದೇ. ಬೇರೆಯಾಗಿದ್ದದ್ದು ತೆರಿಗೆ ಮತ್ತು ಮಾರುಕಟ್ಟೆ.

ಹಾಗಾದರೆ ತೆರಿಗೆಯೇ ಮೂಲವೇ? ಮದ್ಯ, ಸಿಗರೇಟಿನ ಮಟ್ಟಿಗೆ ಹೌದು. ಅವುಗಳ ಬೆಲೆ ಒಕ್ಕೂಟದ ಸರಾಸರಿಯ ಎರಡು ಪಟ್ಟಿನಷ್ಟಿದೆ, ಮತ್ತು ಅದು ಆರೋಗ್ಯದ ದೃಷ್ಟಿಯಿಂದ ಬೇಕೆಂದೇ ಮಾಡಿದ್ದು. ಆದರೆ ಹೆಚ್ಚಿನ ದಿನಸಿಗೆ ವ್ಯಾಟ್ ಶೂನ್ಯ, ಮನೆ ಬಾಡಿಗೆಗೆ ವ್ಯಾಟ್ ಇಲ್ಲ. ಆದರೂ ಅವು ತುಟ್ಟಿ. ಕಾರಿನ ತೆರಿಗೆಯನ್ನು ಪರಿಸರದ ಹೆಸರಿನಲ್ಲಿ ಸಮರ್ಥಿಸುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಹೊಗೆಗೆ ಬೆಲೆ ಕಟ್ಟುವುದು ಸರಿ. ಆದರೆ ಜನ ಕಾರು ಬಿಟ್ಟು ಹತ್ತಲು ರೈಲೋ ಬಸ್ಸೋ ಇರುವ ಕಡೆ ಮಾತ್ರ ಅಂಥ ತೆರಿಗೆ ನಡವಳಿಕೆಯನ್ನು ಬದಲಿಸುತ್ತದೆ. ಇಲ್ಲದ ಕಡೆ ಅದು ಹಳ್ಳಿಯವರಿಂದ ವಸೂಲಾಗುವ ದಂಡ. ವಿದ್ಯುತ್ತಿನಲ್ಲೂ ತೊಂದರೆ ತೆರಿಗೆಯದಲ್ಲ, ಪೂರೈಕೆಯದು. ಗಾಳಿಯಿಂದ ವಿದ್ಯುತ್ ಉತ್ಪಾದಿಸುವುದರಲ್ಲಿ ಐರ್ಲೆಂಡ್ ಮುಂದಿದೆ, ಆದರೆ ಗಾಳಿ ನಿಂತಾಗ ಆಸರೆ ಅನಿಲ, ಅದರ ಬಹುಪಾಲು ಬರುವುದು ಸ್ಕಾಟ್ಲೆಂಡಿನಿಂದ ಕಡಲಡಿಯ ಕೊಳವೆಯಲ್ಲಿ. ಇದರ ನಡುವೆ ಡೇಟಾ ಸೆಂಟರುಗಳು 2015ರಲ್ಲಿ ದೇಶದ ವಿದ್ಯುತ್ತಿನ ಶೇ. 5ರಷ್ಟು ಬಳಸುತ್ತಿದ್ದವು, 2023ರಲ್ಲಿ ಶೇ. 21. ಬೇಡಿಕೆಯನ್ನು ಕೈಬೀಸಿ ಕರೆದ ದೇಶ ತಂತಿ, ಕಂಬ, ವಿದ್ಯುತ್ ಸ್ಥಾವರಗಳನ್ನು ಅದೇ ವೇಗದಲ್ಲಿ ಕಟ್ಟಲಿಲ್ಲ.

ಹಣವಿಲ್ಲದೆ ಹೀಗಾಯಿತು ಎಂದು ಈಗ ಹೇಳಲಾಗದು. ಯುರೋಪಿನ ನ್ಯಾಯಾಲಯದ 2024ರ ಸೆಪ್ಟೆಂಬರ್ ತೀರ್ಪಿನಿಂದ ಆ್ಯಪಲ್ ಕಂಪನಿಯ ಹಳೆಯ ತೆರಿಗೆ ಬಾಕಿಯೇ 13 ಬಿಲಿಯನ್ ಯೂರೋ, ಬಡ್ಡಿ ಬೇರೆ, ಬೊಕ್ಕಸಕ್ಕೆ ಬಂತು. ಆದರೂ ಸರ್ಕಾರ ಕೆಲವು ವರ್ಷಗಳಿಂದ ಹೆಚ್ಚು ಒಲವು ತೋರಿದ್ದು ವಿದ್ಯುತ್ ಬಿಲ್ಲಿಗೆ ಒಂದಿಷ್ಟು ರಿಯಾಯಿತಿ, ಬಾಡಿಗೆಗೆ ಒಂದಿಷ್ಟು ಸಹಾಯಧನದಂಥ ಕ್ರಮಗಳತ್ತ. ಕೊರತೆಯಿರುವ ವಸ್ತುವಿಗೆ ಕೊಳ್ಳುವವರ ಕೈಗೆ ಹಣ ಕೊಟ್ಟರೆ ಅದರ ಬಹುಭಾಗ ಮಾರುವವರ ಜೇಬು ಸೇರುತ್ತದೆ. ಕಟ್ಟುವ ಕೆಲಸಕ್ಕೆ ಯಾಕೆ ಅಷ್ಟು ಆತುರವಿಲ್ಲ ಎಂಬುದಕ್ಕೆ ಒಂದು ರಾಜಕೀಯ ಕಾರಣವೂ ಇದೆ. ದೇಶದ ಸುಮಾರು ಶೇ. 66 ಮನೆಗಳಲ್ಲಿ ಇರುವವರು ಮಾಲೀಕರೇ. ಅವರಲ್ಲಿ ಸಾಲ ತೀರಿಸಿದ ಹಿರಿಯರೂ ಸಾಕಷ್ಟು. ಮನೆಯ ಬೆಲೆ ಏರಿದರೆ ಅವರ ಆಸ್ತಿ ಬೆಳೆಯುತ್ತದೆ, ಪಕ್ಕದ ಹೊಲದಲ್ಲಿ ಹೊಸ ಬಡಾವಣೆ ಬಂದರೆ ಕಿರಿಕಿರಿ. ದುಬಾರಿತನದ ಪೂರ್ತಿ ಭಾರ ಬೀಳುವುದು ಬಾಡಿಗೆದಾರರ ಮೇಲೆ, ಹೊಸದಾಗಿ ಬಂದ ವಲಸಿಗರ ಮೇಲೆ, ಇನ್ನೂ ಅಪ್ಪ ಅಮ್ಮನ ಮನೆಯಲ್ಲೇ ಉಳಿದ ವಯಸ್ಕ ಮಕ್ಕಳ ಮೇಲೆ. ಹಾಗೆ ಉಳಿದವರು 2022ರ ಜನಗಣತಿಯಲ್ಲಿ 5 ಲಕ್ಷಕ್ಕೂ ಹೆಚ್ಚು. ವಲಸಿಗರಲ್ಲಿ ಬಹುಪಾಲು ಜನರಿಗೆ ಸಂಸತ್ ಚುನಾವಣೆಯಲ್ಲಿ ಮತವಿಲ್ಲ, ಯುವಕರಲ್ಲಿ ಅನೇಕರು ಮತ ಹಾಕುವ ಮೊದಲೇ ಸಿಡ್ನಿಗೋ ಟೊರಾಂಟೊಗೋ ವಿಮಾನ ಹತ್ತುತ್ತಾರೆ.